ಮೂರು ತಿಂಗಳ ನೆಂಟ

ನಮ್ಮದು ಮಾಲೂರು ತಾಲ್ಲೂಕಿನ ಲಕ್ಕೂರು. ಒಂದೆಕರೆ ಟೊಮೆಟೊ, ಎರಡು ಹಸು, ಇಷ್ಟೇ ನಮ್ಮ ಪ್ರಪಂಚ. ನಮ್ಮ ಯಜಮಾನರಿಗೆ ಎರಡು ವರ್ಷದಿಂದ ಹೊಟ್ಟೆನೋವು. ಉಂಡ ಸ್ವಲ್ಪ ಹೊತ್ತಿಗೆ ಎದೆಗೂಡಿನ ಕೆಳಗೆ ಶುರುವಾಗಿ ಬೆನ್ನಿಗೆ ಇರಿಯುತ್ತಿತ್ತು. ಮುಂದಕ್ಕೆ ಬಾಗಿ ಕೂತರೆ ಮಾತ್ರ ಸ್ವಲ್ಪ ಆರಾಮ. "ಗ್ಯಾಸು ಕಣೇ, ಹೋಗುತ್ತೆ ಬಿಡು" ಅಂತ ಸೋಡಾ ಕುಡಿಯೋರು. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧ ಮುದ್ದೆಗೇ ಹೆದರುವಂತಾಯಿತು. ಮೈ ಇಳಿದು ಅಂಗಿ ಜೋತಾಡುತ್ತಿತ್ತು.

ಕೊನೆಗೆ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ತೊಂದರೆ ಇರುವುದು ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ. ಊಟ ಅರಗಿಸುವ ರಸ ಹರಿಯುವ ನಾಳದಲ್ಲಿ ಕಲ್ಲು ಕಟ್ಟಿತ್ತು, ಒಂದು ಕಡೆ ನಾಳವೇ ಕಿರಿದಾಗಿತ್ತು.

ಊರಿಗೆ ಸುದ್ದಿ ಮುಟ್ಟಿದ್ದೇ ತಡ, "ಗುಟ್ಟಾಗಿ ಕುಡೀತಿದ್ದ ಅನ್ಸುತ್ತೆ" ಅಂದರು. ಹಬ್ಬಕ್ಕೂ ಒಂದು ತೊಟ್ಟು ಮುಟ್ಟದ ಮನುಷ್ಯ! ನೋವಿಗಿಂತ ಆ ಮಾತೇ ಅವರನ್ನು ಹೆಚ್ಚು ಕುಗ್ಗಿಸಿತು. ಡಾಕ್ಟರ್ ಹತ್ತಿರ ಅತ್ತೇಬಿಟ್ಟೆ. ಅವರು ಸಮಾಧಾನವಾಗಿ ಹೇಳಿದರು: "ಕುಡಿತ ಒಂದು ದೊಡ್ಡ ಕಾರಣ ನಿಜ. ಆದರೆ ನಮ್ಮ ದಕ್ಷಿಣ ಭಾರತದಲ್ಲಿ ಕುಡಿಯದವರಿಗೂ, ಚಿಕ್ಕ ವಯಸ್ಸಿನವರಿಗೂ ಇದು ಬರುತ್ತೆ. ಕೇರಳದ ಡಾ. ಗೀವರ್ಗೀಸ್ 1960ರ ದಶಕದಲ್ಲೇ ಇಂಥವರ ಬಗ್ಗೆ ಬರೆದಿದ್ದಾರೆ." ಆ ಮಾತನ್ನು ಊರಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಹೊಟ್ಟೆ ಕೊಯ್ಯಲಿಲ್ಲ. ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಜಠರ ದಾಟಿ, ಸಣ್ಣ ಕರುಳಿಗೆ ಆ ನಾಳ ತೆರೆಯುವ ಜಾಗ ತಲುಪಿದರು. ಎಕ್ಸ್‌ರೇಯಲ್ಲಿ ನೋಡುತ್ತಾ ಕಲ್ಲು ತೆಗೆದು, ಕಿರಿದಾದ ಕಡೆ ಪ್ಲಾಸ್ಟಿಕ್ ಸ್ಟೆಂಟ್ ಇಟ್ಟರು. ಪೆನ್ನಿನ ರೀಫಿಲ್‌ನಷ್ಟು ಸಣ್ಣ ಕೊಳವೆ ಅಷ್ಟೇ! ವಾರದೊಳಗೆ ನೋವು ಇಳಿಯಿತು. ತಿಂಗಳಾದ ಮೇಲೆ ಅವರೆಕಾಳು ಸಾರಲ್ಲಿ ಒಂದು ಮುದ್ದೆ ಪೂರ್ತಿ ಉಂಡರು. ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ.

ನಾವು ತಪ್ಪಿದ್ದು ಇಲ್ಲೇ. "ಮೂರು ತಿಂಗಳಿಗೆ ಬನ್ನಿ, ಸ್ಟೆಂಟ್ ಬದಲಾಯಿಸಬೇಕು" ಅಂತ ಚೀಟಿಯಲ್ಲಿ ಬರೆದಿದ್ದರು. ನೋವೇ ಇಲ್ಲವಲ್ಲ! ಟೊಮೆಟೊಗೆ ಒಳ್ಳೇ ರೇಟು ಬೇರೆ. "ಕೊಯ್ಲು ಮುಗೀಲಿ" ಅಂದರು, ನಾನೂ ಸುಮ್ಮನಾದೆ. ಐದನೇ ತಿಂಗಳಲ್ಲಿ ಒಂದು ರಾತ್ರಿ ಚಳಿಜ್ವರ, ಮತ್ತೆ ಅದೇ ಇರಿತ. ಬೆಳಗಾಗುವುದರೊಳಗೆ ಕಾರು ಮಾಡಿಕೊಂಡು ಓಡಿದೆವು. ಸ್ಟೆಂಟ್ ಕಟ್ಟಿಕೊಂಡು ಸೋಂಕಾಗಿತ್ತು. ನಾಲ್ಕು ದಿನ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಟೊಮೆಟೊ ದುಡ್ಡೆಲ್ಲ ಅಲ್ಲೇ ಹೋಯಿತು.

ಹೊಸ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರ್ ನಗುತ್ತಾ ಅಂದರು, "ಅಮ್ಮಾ, ಸ್ಟೆಂಟು ಅಂದ್ರೆ ನೆಂಟ. ಹೇಳಿದ ದಿನಕ್ಕೆ ಕಳಿಸಿಕೊಡಬೇಕು."

ಆಮೇಲೆ ಒಂದು ತಾರೀಖೂ ತಪ್ಪಿಸಲಿಲ್ಲ. ಕ್ಯಾಲೆಂಡರಿನಲ್ಲಿ ಹಬ್ಬಕ್ಕಿಂತ ದೊಡ್ಡದಾಗಿ ಕೆಂಪು ಸುತ್ತು ಹಾಕುತ್ತಿದ್ದೆ. ವರ್ಷದ ನಂತರ ನಾಳ ಅಗಲವಾಗಿ, ಸ್ಟೆಂಟ್ ತೆಗೆದರು. ಗ್ರಂಥಿ ಮೊದಲಿನಂತಾಗಿಲ್ಲ. ಊಟದ ಜೊತೆ ಜೀರ್ಣದ ಕ್ಯಾಪ್ಸೂಲ್ ನುಂಗಬೇಕು, ಸಕ್ಕರೆ ಕಾಯಿಲೆ ಬರಬಹುದೆಂದು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಆದರೂ ಮನುಷ್ಯ ನೆಟ್ಟಗೆ ಕೂತು ಉಣ್ಣುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಸ್ಟೆಂಟ್ ಇಟ್ಟಿದ್ದರೆ, ಆ ಚೀಟಿಯನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ನೋವು ಹೋಗಿದೆ ಅಂತ ತಾರೀಖು ಮರೆಯಬೇಡಿ.