ಕನ್ನಡ ಎಂ.ಎ.ಯ ಮೊದಲ ತಂಡ

ಪದವಿ ಮುಗಿಸಿದ ವಿದ್ಯಾರ್ಥಿ ಮುಂದೇನು ಓದಬೇಕೆಂದು ಯೋಚಿಸುವಾಗ ಮನೆಯವರ ನಿರೀಕ್ಷೆಯೂ ಅನ್ನದ ದಾರಿಯೂ ಎದುರು ನಿಲ್ಲುತ್ತವೆ. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ಎಂ.ಎ. ತರಗತಿಯನ್ನು ತೆರೆದಾಗ ಅದನ್ನು ಆರಿಸಿಕೊಂಡವರಿಗೆ ಇನ್ನೊಂದು ಕಷ್ಟವಿತ್ತು: ಆ ದಾರಿಯಲ್ಲಿ ಅವರಿಗಿಂತ ಮುಂದೆ ನಡೆದವರೇ ಇರಲಿಲ್ಲ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರವನ್ನು ಓದಿದ್ದ ಕುವೆಂಪು ಕನ್ನಡದತ್ತ ತಿರುಗಿದರು. ಕವಿತೆಯನ್ನೂ ಮೊದಲು ಇಂಗ್ಲಿಷಿನಲ್ಲೇ ಬರೆದವರು ಅವರು! ಅದೇ ತಂಡದಲ್ಲಿ ಡಿ.ಎಲ್. ನರಸಿಂಹಾಚಾರ್ಯರಿದ್ದರು, ಗುರುಗಳಾಗಿ ಟಿ.ಎಸ್. ವೆಂಕಣ್ಣಯ್ಯನವರಿದ್ದರು.

ಕುವೆಂಪು ಅವರ ಆಯ್ಕೆಯ ಫಲವನ್ನು ನಾಡೆಲ್ಲ ಬಲ್ಲದು. ನರಸಿಂಹಾಚಾರ್ಯರದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ತಾಳೆಯೋಲೆಯ ಸವೆದ ಅಕ್ಷರ, ಪಾಠಾಂತರಗಳ ತೊಡಕು, ಒಂದು ಶಬ್ದದ ಅರ್ಥಕ್ಕಾಗಿ ದಿನಗಟ್ಟಲೆ ಹುಡುಕಾಟ: ಇಪ್ಪತ್ತರ ಹರೆಯವನ್ನು ಸುಲಭವಾಗಿ ಸೆಳೆಯುವ ವಿದ್ಯೆಯಲ್ಲ ಇದು. ಹುಟ್ಟಿನಿಂದ ಜೈನರಲ್ಲದ ಅವರು ಹತ್ತೊಂಬತ್ತು ಜೈನಕಥೆಗಳ ‘ವಡ್ಡಾರಾಧನೆ’ಯನ್ನು ಸಂಪಾದಿಸಿದರು. ಆ ಗ್ರಂಥ 1949ರಲ್ಲಿ ಪ್ರಕಟವಾಯಿತು. ತರಗತಿ ಸೇರಿದಂದಿನಿಂದ ಎಣಿಸಿದರೆ ಇಪ್ಪತ್ತೆರಡು ವರ್ಷ. ಅಷ್ಟು ದೂರದ ಫಲವನ್ನು ಪ್ರವೇಶದ ದಿನ ಯಾವ ಹಿರಿಯರೂ ತೋರಿಸಿಕೊಡಲಾರರು. ಸುಕುಮಾರಸ್ವಾಮಿಯ ಕಥೆಯನ್ನು ಮೂಲದಲ್ಲಿಯೇ ಓದಲು ಕುಳಿತ ಇಂದಿನ ವಿದ್ಯಾರ್ಥಿಗೆ ಮಾತ್ರ ಅದು ಕೈಯಳತೆಯಲ್ಲಿದೆ.