ಐದನೇ ಸಲ ಕೇಳಿದ ಮೇಲೆ

ಒಂದೇ ಮಾತನ್ನು ನೂರು ಸಲ ಹೇಳಿದರೆ ಜನ ನಂಬ್ತಾರೆ ಅನ್ನೋದು ಚುನಾವಣೆ ನಡೆಸುವವರ ಗಟ್ಟಿ ನಂಬಿಕೆ. ಅನುಮಾನ ಇದ್ದರೆ ನಮ್ಮ ಕುಂದಾಪುರದ ಕಡೆ ಬಂದು ನೋಡಿ.

2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ '40 ಪರ್ಸೆಂಟ್' ಅಂದಿತು, ಬಿಜೆಪಿ 'ಡಬಲ್ ಇಂಜಿನ್' ಅಂದಿತು. ಮೈಕಿನಲ್ಲಿ, ವಾಟ್ಸಾಪಿನಲ್ಲಿ ಇವೆರಡೇ. ಕೊನೆಗೆ ರಾಜ್ಯದಲ್ಲಿ ಕಾಂಗ್ರೆಸ್‌ಗೆ 135 ಸೀಟು, ಬಿಜೆಪಿಗೆ 66. ಕುಂದಾಪುರ, ಬೈಂದೂರು ಸೇರಿ ಉಡುಪಿ ಜಿಲ್ಲೆಯ ಐದಕ್ಕೆ ಐದೂ ಬಿಜೆಪಿಗೆ. ಒಂದು ಘೋಷಣೆ ನಮ್ಮ ಜಿಲ್ಲೆಯಲ್ಲಿ ನಡೆಯಲಿಲ್ಲ, ಇನ್ನೊಂದು ರಾಜ್ಯದಲ್ಲಿ ನಡೆಯಲಿಲ್ಲ. ಸೋಲಿಗೆ ಕಾರಣ ಹತ್ತಿರಬಹುದು. ಮೈಕಿನ ವಾಲ್ಯೂಮ್ ಕಡಿಮೆಯಾಗಿದ್ದಂತೂ ಅಲ್ಲ.

ಬೈಂದೂರಿನ ಹತ್ತಿರ ಊರಲ್ಲಿರುವ ಅಮ್ಮನಿಗೆ ಆಗ ರೆಕಾರ್ಡೆಡ್ ಕಾಲ್ ಬರ್ತಾನೇ ಇದ್ದವು. ಮೊದಲೆರಡು ಸಲ ಪೂರ್ತಿ ಕೇಳಿದಳು. ಆಮೇಲೆ ನನ್ನ ಹತ್ತಿರ, "ಸತ್ಯ ಆರೆ ಒಂದ್ ಸಲ ಹೇಳ್ರೆ ಸಾಕಲ್ದಾ ಮಗಾ, ಇಷ್ಟ್ ಸಲ ಎಂತಕ್ ಹೇಳ್ತ್ರ್?" ಅಂದಳು.

ಇದನ್ನೇ 1979ರಲ್ಲಿ ಅಮೆರಿಕದ ಜಾನ್ ಕ್ಯಾಸಿಯೊಪ್ಪೊ ಮತ್ತು ರಿಚರ್ಡ್ ಪೆಟ್ಟಿ ಪ್ರಯೋಗ ಮಾಡಿ ತೋರಿಸಿದ್ದರು. ಒಂದೇ ವಾದವನ್ನು ಒಂದು, ಮೂರು, ಐದು ಸಲ ಕೇಳಿಸಿದರು. ಮೂರರವರೆಗೆ ಒಪ್ಪಿಗೆ ಏರಿತು, ಐದಕ್ಕೆ ಇಳಿಯಿತು. ಮೊದಲು ಮಾತು ಅರ್ಥವಾಗುತ್ತೆ, ಆಮೇಲೆ ಬೇಜಾರು ಬಂದು ತಲೆ ಎದುರುವಾದ ಹುಡುಕುತ್ತೆ. ಮೊದಲೇ ಅನುಮಾನ ಇದ್ದವರಿಗೆ ಪ್ರತಿ ಕಾಲ್ ಕೂಡ ಆ ಎದುರುವಾದದ ರಿಹರ್ಸಲ್.

ನಮ್ಮ ಊರಿನವರಿಗೆ ಅನುಮಾನ ಸುಮ್ಮನೆ ಬಂದಿದ್ದಲ್ಲ. ಶಾಸ್ತ್ರಿ ಸರ್ಕಲ್ ಫ್ಲೈಓವರ್ ವರ್ಷಗಟ್ಟಲೆ ಅರೆಬರೆಯಾಗಿ ನಿಂತಿದ್ದನ್ನು ಕಂಡವರು ನಾವು. ಯಾರ ಭಾಷಣವನ್ನೂ ಅದರ ಪಕ್ಕ ಇಟ್ಟೇ ತೂಗ್ತೇವೆ. ಅದೇ ಜನ 2013ರಲ್ಲಿ, ಪಕ್ಷದ ಚಿಹ್ನೆಯೇ ಇಲ್ಲದೆ ನಿಂತ ಹಾಲಾಡಿ ಶ್ರೀನಿವಾಸ ಶೆಟ್ಟರನ್ನು ಗೆಲ್ಲಿಸಿದರು. 1999ರಿಂದ ಶಾಸಕರಾಗಿ ನೋಡಿದ್ದ ಮನುಷ್ಯ. ಹೊಸದಾಗಿ ಘೋಷಣೆ ಬೇಕಿರಲಿಲ್ಲ.

ಆಫೀಸಿನಲ್ಲಿ ಒಂದೇ ಅಲರ್ಟ್ ನಿಮಿಷಕ್ಕೊಮ್ಮೆ ಬಂದರೆ ನಾವು ಮ್ಯೂಟ್ ಮಾಡ್ತೇವೆ. ಸರ್ವರ್ ನಿಜಕ್ಕೂ ಬಿದ್ದ ದಿನ ಯಾರಿಗೂ ಗೊತ್ತಾಗೋದಿಲ್ಲ. ನನಗೆ ಹೆದರಿಕೆ ಆಗೋದು ಅಲ್ಲೇ. ಕಮಿಷನ್ ಯಾರು ತಿಂದರು ಅನ್ನೋದು ಕೇಳಲೇಬೇಕಾದ ಪ್ರಶ್ನೆ. ಎರಡು ಇಂಜಿನ್ನಿಂದ ಊರಿಗೆ ಬಂದಿದ್ದೇನು ಅನ್ನೋದೂ ಅಷ್ಟೇ. ಎರಡನ್ನೂ ಘೋಷಣೆ ಮಾಡಿ ಕೂಗಿದ್ದಕ್ಕೆ ಎರಡೂ ಮ್ಯೂಟ್ ಆದವು. ಲೆಕ್ಕ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ಮುಂದಿನ ಸಲ ಮತ ಕೇಳೋಕೆ ಬರುವವರು ಒಂದೇ ಸಲ ಹೇಳಲಿ. ಆಮೇಲೆ ಜಗಲಿ ಮೇಲೆ ಕೂತು ಅಮ್ಮನಂಥವರ ಪ್ರಶ್ನೆಗೆ ಉತ್ತರ ಕೊಡಲಿ.