ಭಾಗ 4: 25ಕ್ಕೆ 10

ನಮ್ಮ ಮನೇಲಿ ಮುಂದಾಗೋದನ್ನ ಹೇಳೋ ಕೆಲಸ ನನ್ನದು. ನಗಬೇಡಿ, ಪೂರ್ತಿ ಓದಿ.

ಪಿಯುಸಿಯಲ್ಲಿದ್ದಾಗ ಒಂದು ರಾತ್ರಿ, ತಾತ ಹೊಸ್ತಿಲ ಹತ್ರ ಚಪ್ಪಲಿ ಹುಡುಕ್ತಿರೋ ಹಾಗೆ ಕನಸು ಬಿತ್ತು. ಬೆಳಗ್ಗೆ ಎದ್ದು ಎಲ್ಲರಿಗೂ ಹೇಳಿದೆ. ಮೂರನೇ ದಿನಕ್ಕೆ ತಾತ ಹೋಗಿಬಿಟ್ರು. ಅವತ್ತಿಂದ ‘ಇವಳಿಗೆ ಮೊದಲೇ ತಿಳಿಯುತ್ತೆ’ ಅಂತ ಆಗೋಯ್ತು. ಅಪ್ಪ ಲಾರಿ ಓಡಿಸ್ತಾರೆ. ದೂರದ ಲೋಡ್ ಇದ್ರೆ ಅಮ್ಮ ಫೋನ್ ಮಾಡಿ ಕೇಳ್ತಾಳೆ, "ಏನಾದ್ರೂ ಅನಿಸ್ತಿದ್ಯೇನೇ?" ನಾನು "ಏನಿಲ್ಲಮ್ಮ" ಅಂದ ಮೇಲೇ ಅವಳಿಗೆ ಸಮಾಧಾನ. ನನಗೆ ಮಾತ್ರ ಅಪ್ಪ ತಲುಪೋವರೆಗೂ ನಿದ್ದೆ ಇಲ್ಲ. ಏನಾದ್ರೂ ಆಗಿಬಿಟ್ರೆ, ಗೊತ್ತಿದ್ದೂ ಹೇಳದೇ ಇದ್ದವಳು ನಾನೇ ಅಲ್ವಾ?

ಅದಕ್ಕೇ ಕಳೆದ ತಿಂಗಳು ಹಾಸ್ಟೆಲ್‌ನಲ್ಲಿ ಝೀನರ್ ಕಾರ್ಡ್ ಮಾಡಿಕೊಂಡ್ವಿ. ವೃತ್ತ, ಪ್ಲಸ್, ಅಲೆ, ಚೌಕ, ನಕ್ಷತ್ರ. ಒಂದೊಂದೂ ಐದೈದು, ಒಟ್ಟು 25. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಅನ್ನೋರು 1930ರ ದಶಕದಲ್ಲಿ ಅತೀಂದ್ರಿಯ ಶಕ್ತಿ ಇದೆಯಾ ಅಂತ ನೋಡೋಕೆ ಇದೇ ಕಾರ್ಡ್ ಬಳಸಿದ್ರು. ಒಬ್ಬರು ಕಾರ್ಡ್ ನೋಡ್ತಾರೆ, ಇನ್ನೊಬ್ಬರು ನೋಡದೇ ಹೇಳ್ಬೇಕು. ಸುಮ್ಮನೆ ಊಹೆ ಮಾಡಿದ್ರೂ ಸರಾಸರಿ 5 ಸರಿ ಬರುತ್ತೆ.

ನನಗೆ 10 ಬಂತು! ರೂಮಲ್ಲಿ ಕೂಗಾಟ. ಒಬ್ಬಳು ಅಲ್ಲೇ ಕಾಸ್ಟಿಂಗ್ ಪೇಪರ್ ಹೇಗಿರುತ್ತೆ ಅಂತ ಕೇಳಿದ್ಲು. ನಿಜ ಹೇಳ್ತೀನಿ, ಖುಷಿ ಆಗ್ಲಿಲ್ಲ, ಹೊಟ್ಟೇಲಿ ಏನೋ ಕಲಸಿದ ಹಾಗಾಯ್ತು.

ರಾತ್ರಿ ಬಿಸಿನೆಸ್ ಸ್ಟಾಟಿಸ್ಟಿಕ್ಸ್ ನೋಟ್ಸ್ ತೆಗೆದೆ. (ಬೈನಾಮಿಯಲ್ ಯಾಕಪ್ಪಾ ಕಲೀಬೇಕು ಅಂತ ಬೈಕೊಂಡವರೇ, ಇಲ್ಲಿ ನೋಡಿ.) ಎನ್ 25, ಪಿ 0.2. ಸರಾಸರಿ 5, ಸ್ಟ್ಯಾಂಡರ್ಡ್ ಡೀವಿಯೇಷನ್ 2. ಬರೀ ಊಹೆಯಿಂದಲೇ 10 ಅಥವಾ ಅದಕ್ಕಿಂತ ಜಾಸ್ತಿ ಬರೋ ಸಾಧ್ಯತೆ ಸುಮಾರು 1.7 ಪರ್ಸೆಂಟ್. ಬಹಳ ಕಮ್ಮಿ, ಹೌದು. ಆದ್ರೆ ಅವತ್ತು ಕಾರ್ಡ್ ಹೇಳಿದ್ದು ನಾನೊಬ್ಬಳೇ ಅಲ್ಲ, 24 ಜನ. ಅಷ್ಟು ಜನರಲ್ಲಿ ಯಾರಿಗಾದ್ರೂ ಒಬ್ಬರಿಗೆ 10 ಬರೋ ಸಾಧ್ಯತೆ ಸುಮಾರು 34 ಪರ್ಸೆಂಟ್. ಉಳಿದ 23 ಜನರ ಸ್ಕೋರ್ ಯಾರಿಗೂ ನೆನಪಿಲ್ಲ ಅಷ್ಟೇ.

ಇನ್ನೊಂದು ಎಡವಟ್ಟು. ನಾವು ಬಳಸಿದ್ದು ತೆಳು ಡ್ರಾಯಿಂಗ್ ಶೀಟ್, ಟ್ಯೂಬ್‌ಲೈಟ್‌ಗೆ ಹಿಡಿದ್ರೆ ಹಿಂದಿನಿಂದ ಗೆರೆ ಕಾಣ್ತಿತ್ತು. ರೈನ್ ಕಾಲದ ಪ್ರಿಂಟೆಡ್ ಕಾರ್ಡ್‌ಗಳ ಮೇಲೂ ಇದೇ ದೂರು ಬಂದಿತ್ತಂತೆ, ಓದಿ ನಗು ಬಂತು. ಮಾರನೇ ದಿನ ದಪ್ಪ ರಟ್ಟಿನಲ್ಲಿ ಹೊಸದಾಗಿ ಮಾಡಿ, ಮಧ್ಯೆ ಸೂಟ್‌ಕೇಸ್ ಅಡ್ಡ ಇಟ್ಟು, ನಾಲ್ಕೇ ಸಲ ಅಂತ ಮೊದಲೇ ಬರೆದಿಟ್ಟು ಆಡಿದೆ. (ಚೆನ್ನಾಗಿ ಬಂದಾಗ ನಿಲ್ಲಿಸಿಬಿಟ್ರೆ ಅದೂ ಮೋಸವೇ.) 4, 6, 5, 3. ನೂರಕ್ಕೆ 18. ಊಹೆಗೇ 20 ಬರ್ಬೇಕಿತ್ತು!

ಆಮೇಲೆ ತಾತನ ಕನಸು. ಅದಕ್ಕಿಂತ ಮುಂಚೆ ಎಷ್ಟು ಸಲ ಅವರು ಕನಸಲ್ಲಿ ಬಂದಿದ್ರು? ಬಂದ ಮೇಲೆ ಏನೂ ಆಗದ ಬೆಳಗ್ಗೆಗಳೆಷ್ಟು? ನಾನು ಬರೆದಿಟ್ಟಿಲ್ಲ. ಆಗ ಅವರಿಗೆ ಹುಷಾರಿರ್ಲಿಲ್ಲ, ಮನೆಯವರೆಲ್ಲ ಅದನ್ನೇ ಯೋಚಿಸ್ತಿದ್ವಿ.

ಮೊನ್ನೆ ಅಪ್ಪಂಗೆ ಹುಬ್ಬಳ್ಳಿ ಲೋಡ್. ಅಮ್ಮನ ಫೋನ್ ಬಂತು. "ಅಮ್ಮ, ನನಗೆ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗ್ತಿರ್ಲಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ, "ಊಟ ಆಯ್ತಾ?" ಅಂದ್ಲು.